ಉಬ್ಬು ಬನ್ನಿ

ಆಸ್ಪತ್ರೆಯಲ್ಲಿ ಮಲಗಿದವರಿಗೆ ಕಾಗದ ಕತ್ತರಿಸುವ ಆಟವೊಂದು ಬೇರೆ ಕೇಡು ಎಂದು ಮೊದಲ ದಿನ ನನಗೆ ಸಿಟ್ಟೇ ಬಂದಿತ್ತು. ಪರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಪರೇಲಿನ ನಮ್ಮ ಬಟ್ಟೆ ಮಿಲ್ಲಿನಲ್ಲಿ ಎಲ್ಲರೂ ಅನ್ನುತ್ತಾರೆ, ಸುಳ್ಳೇನಲ್ಲ. ಅದು ಐವತ್ತನಾಲ್ಕನೆಯ ಇಸವಿ. ನನ್ನ ಹೆಂಡತಿ ದಾನವ್ವ ಕ್ಷಯದ ವಾರ್ಡಿನಲ್ಲಿ ಮಲಗಿ ಎಂಟು ತಿಂಗಳಾಗಿತ್ತು. ದಿನಾ ಸೂಜಿ ಚುಚ್ಚಿಸಿಕೊಂಡು ಹಣ್ಣಾಗಿದ್ದಳು. ಅಂಥವಳು ಆ ಬುಧವಾರ ನಾನು ಹೋದಾಗ ದಿಂಬಿಗೆ ಒರಗಿ ಕೂತು, ಕತ್ತರಿ ಹಿಡಿದು ಎಲೆ ಕತ್ತರಿಸುತ್ತಿದ್ದಳು.

"ಡಾಕ್ಟ್ರು ಕೈ ಅಲಗಾಡಸಬ್ಯಾಡ ಅಂದಾರ, ನೀ ಇಲ್ಲಿ ಬಟ್ಟಿ ಹೊಲಿಯು ಸಿಂಪಿಗ್ಯಾನ ಅಂಗಡಿ ತಗದೀಯೇನು?" ಎಂದೆ.

"ಸುಮ್ನ ಕೂಡ್ರಿ. ಬಾಯಾರು ಕಲಿಸಿ ಹೋಗ್ಯಾರ," ಎಂದಳು. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದಿಷ್ಟು ಕಳೆ ಕಂಡಿತು. ನಾನು ಮಂಚದ ಪಕ್ಕ ಕೂತೆ.

ಬಾಯಿ ಎಂದರೆ ವಯಸ್ಸಾದ ಒಬ್ಬ ಪಾರ್ಸಿ ಹೆಂಗಸು. ರೋಗಿಗಳಿಗೆ ಹೊತ್ತು ಹೋಗಲಿ ಎಂದು ವಾರಕ್ಕೊಮ್ಮೆ ಬಂದು ಕಾಗದದ ಕೆಲಸ ಹೇಳಿಕೊಡುತ್ತಿದ್ದಳು. ಆಕೆಯ ತಮ್ಮ ವಿಲಾಯತಿಯಲ್ಲಿದ್ದಾನಂತೆ. ಅವನು ಕಳಿಸಿದ ಕಾರ್ಡುಗಳ ಮೇಲೆಲ್ಲ ಕೆಂಪು ಎಲೆ, ಹಳದಿ ಎಲೆ. ಅಲ್ಲಿ ಈ ದಿನಗಳಲ್ಲಿ ಊರ ಮರಗಳೆಲ್ಲ ಕೆಂಪಾಗಿ ಎಲೆ ಉದುರಿಸುತ್ತವಂತೆ. ಬಟಾಟೆಯನ್ನು ಎಲೆಯ ಆಕಾರಕ್ಕೆ ಕೊರೆದು, ಬಣ್ಣ ಹಚ್ಚಿ, ಕಾಗದದ ಮೇಲೆ ಛಾಪು ಒತ್ತುವುದನ್ನು ಆಕೆ ಮೊದಲು ಕಲಿಸಿದಳು. ಆಮೇಲೆ ಬಣ್ಣವೇ ಇಲ್ಲದೆ ಎಲೆಯನ್ನು ಉಬ್ಬಿಸುವುದನ್ನು ಕಲಿಸಿದಳು. ಕೆಟ್ಟುಹೋದ ಎಕ್ಸ್‌ರೇ ಫಿಲ್ಮಿನಲ್ಲಿ ಎಲೆಯ ಆಕಾರ ಕತ್ತರಿಸಿ ತೆಗೆಯುವುದು, ಅದರ ಮೇಲೆ ದಪ್ಪ ಬಿಳಿ ಕಾಗದ ಇಟ್ಟು, ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ಮೆಲ್ಲಗೆ ತಿಕ್ಕುವುದು. ಕಾಗದ ಆ ಸಂದಿಗೆ ಇಳಿಯುತ್ತದೆ. ತಿರುಗಿಸಿ ನೋಡಿದರೆ ಈ ಕಡೆ ಎಲೆ ಎದ್ದು ನಿಂತಿರುತ್ತದೆ.

"ನಮ್ಮ ಕಡೆ ದಸರಾಕ್ಕ ಎಲಿ ಎಲ್ಲಿ ಉದರತಾವ? ನಾವು ಹಂಚತೀವಿ," ಎಂದಳು ದಾನವ್ವ. "ನಾ ಬನ್ನಿ ಮಾಡಾಕ ಹತ್ತೀನಿ. ಕಾಶಿಗೆ."

ಕಾಶಿ ನಮ್ಮ ಮಗಳು. ಐದು ವರ್ಷದವಳು. ದಾನವ್ವ ಹಾಸಿಗೆ ಹಿಡಿದ ದಿನದಿಂದ ಘಾಟ್ಕೋಪರಿನಲ್ಲಿ ನನ್ನ ಅಕ್ಕ ಬಸಲಿಂಗವ್ವನ ಮನೆಯಲ್ಲಿದ್ದಳು. ನಾನು ಪರೇಲಿನ ಚಾಳಿನಲ್ಲಿ ಊರಿನ ಗಂಡಸರ ಜೊತೆ ಒಂದೇ ಖೋಲಿಯಲ್ಲಿ ಬಿದ್ದುಕೊಂಡಿದ್ದೆ, ಅಲ್ಲಿ ಹೆಣ್ಣು ಕೂಸನ್ನು ಇಟ್ಟುಕೊಳ್ಳುವುದು ಹೇಗೆ? ವಾರ್ಡಿನೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಕಾಶಿಯನ್ನು ಆಸ್ಪತ್ರೆಯ ಗೇಟಿನ ಹೊರಗೆ ನಿಲ್ಲಿಸಿ, ಮೂರನೆಯ ಮಾಳಿಗೆಯ ಕಿಟಕಿ ತೋರಿಸಿ, ಅವ್ವ ಅಲ್ಲಿದ್ದಾಳೆ ನೋಡು ಎಂದಿದ್ದೆ. ಒಂದೊಂದು ಕಿಟಕಿಗೂ ಒಬ್ಬೊಬ್ಬ ಹೆಂಗಸು ನಿಂತಿದ್ದಳು. ಕೂಸು ಯಾವುದೋ ಕಿಟಕಿಗೆ ಕೈ ಬೀಸಿತು. ದಾನವ್ವ ಅದನ್ನು ಮೇಲಿನಿಂದ ನೋಡಿದಳು.

ಅದು ಸಾಲದು ಅಂತ ನಾನು ಇನ್ನೊಂದು ತಪ್ಪು ಮಾಡಿದೆ. ಅಕ್ಕನ ಮೂರು ಮಕ್ಕಳ ಜೊತೆ ಬೆಳೆಯುತ್ತ ಕಾಶಿಯೂ ಅವಳನ್ನು ಅವ್ವಾ ಎಂದು ಕರೆಯತೊಡಗಿದ್ದಳು. ಮಾತಿಗೆ ಮಾತು ಬಂದಾಗ ಅದನ್ನು ದಾನವ್ವನಿಗೆ ಹೇಳಿಬಿಟ್ಟೆ. ಆ ಮಾತು ನನ್ನ ಬಾಯಿಂದ ಯಾಕಾದರೂ ಬಂತೋ. ಅವಳು ಅಳಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದಳು. ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಮಾತಾಡಿದ್ದು ಈ ಬನ್ನಿಯ ನೆವದಿಂದ. ದಸರಾ ದಿನ ಮಗಳ ಕೈಗೆ ತಾನೇ ಬನ್ನಿ ಕೊಟ್ಟಂತಾಗಬೇಕು, ತಾನೊಬ್ಬಳು ಇದ್ದೇನೆ ಎಂದು ಕೂಸಿಗೆ ತಿಳಿಯಬೇಕು, ಅಷ್ಟೇ ದಾನವ್ವನ ಆಸೆ.

ನನ್ನಿಂದಾದದ್ದು ಒಂದು. ಮಿಲ್ಲಿನಲ್ಲಿ ನನ್ನದು ಛಾಪು ಒತ್ತುವ ಕೆಲಸ. ತಯಾರಾದ ಬಟ್ಟೆಯ ತುದಿಗೆ ಮಿಲ್ಲಿನ ಗುರುತಾದ ತೆನೆಯನ್ನು ಚಿನ್ನದ ಬಣ್ಣದಲ್ಲಿ ಒತ್ತಬೇಕು. ಸವೆದು ಬಿಸಾಕಿದ ಒಂದು ಸಣ್ಣ ಮರದ ಛಾಪನ್ನೂ ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣವನ್ನೂ ತಂದುಕೊಟ್ಟೆ. ದಾನವ್ವ ಕಾರ್ಡಿನ ನಾಲ್ಕು ಮೂಲೆಗೆ ನಾಲ್ಕು ತೆನೆ ಒತ್ತಿದಳು. ನಡುವೆ ಬಣ್ಣವಿಲ್ಲದ ಬಿಳಿ ಬನ್ನಿ. ಬನ್ನಿಯ ಎಲೆ ಎಷ್ಟು ಸಣ್ಣದು ಎಂದು ನೋಡಿದವರಿಗೆ ಗೊತ್ತು. ಒಂದು ಕಡ್ಡಿ, ಅದರ ಎರಡೂ ಬದಿಗೆ ಅಕ್ಕಿಕಾಳಿನಷ್ಟು ಎಲೆಗಳು. ಒಂದೊಂದನ್ನೂ ಆ ಗಟ್ಟಿ ಫಿಲ್ಮಿನಲ್ಲಿ ಕತ್ತರಿಸಿ ತೆಗೆಯಲು ಅವಳಿಗೆ ಹತ್ತು ದಿನ ಹಿಡಿಯಿತು. ಐದು ನಿಮಿಷ ಕತ್ತರಿಸಿದರೆ ಅರ್ಧ ಗಂಟೆ ಮಲಗಬೇಕಾಗುತ್ತಿತ್ತು.

ದಸರೆಯ ಹಿಂದಿನ ದಿನ ಕಾರ್ಡು ನನ್ನ ಕೈಗೆ ಬಂತು. ನರ್ಸು ಅದನ್ನು ಎರಡು ದಿನ ತಾರಸಿಯ ಬಿಸಿಲಿಗೆ ಇಟ್ಟಿದ್ದಳು, ರೋಗ ಅಂಟುವ ಭಯ ಇನ್ನಿಲ್ಲ ಎಂದಳು.

"ಕಣ್ಣ ಮುಚ್ಚಿ ಬೆರಳ ಆಡಸ್ರಿ," ಎಂದಳು ದಾನವ್ವ.

ಆಡಿಸಿದೆ. ಛಾಪು ಹಿಡಿದು ಹಿಡಿದು ನನ್ನ ಬೆರಳು ಜಡ್ಡುಗಟ್ಟಿವೆ. ಆದರೂ ಕಡ್ಡಿ ಸಿಕ್ಕಿತು, ಅದರ ಅತ್ತ ಇತ್ತ ಎಲೆ ಒಂದೊಂದಾಗಿ ಸಿಕ್ಕಿದವು.

"ಅಕಿಗೆ ಓದಾಕ ಬರೂದಿಲ್ಲ. ನನ್ನ ಮಾರಿ ಮರತಿರಬೇಕು. ನಾ ಒತ್ತಿದಲ್ಲೆ ಅಕಿ ಬೆರಳ ಹೋಗ್ಲಿ," ಎಂದಳು. "ಇದನ್ನ ನಿಮ್ಮವ್ವ ಒತ್ಯಾಳ ಅಂತ ಹೇಳ್ರಿ. ಅಷ್ಟ ಸಾಕು."

ಮರುದಿನ ಮಿಲ್ಲಿಗೆ ರಜೆ. ಬೆಳಗ್ಗೆ ಲೋಕಲ್ ರೈಲು ಹಿಡಿದು ಘಾಟ್ಕೋಪರಿಗೆ ಹೋದೆ. ಅಕ್ಕನ ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟಿತ್ತು. ಒಳಗೆ ಹೂರಣದ ವಾಸನೆ. ನನ್ನ ಕೈಯಲ್ಲಿದ್ದ ಕಾರ್ಡನ್ನು ಕಂಡ ಕೂಡಲೇ ಅಕ್ಕ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಏನದು?"

"ದಾನವ್ವ ಕೂಸಿಗೆ ಬನ್ನಿ ಕಳಿಸ್ಯಾಳ."

"ಅಲ್ಲೇ ನಿಲ್ಲು ತಮ್ಮಾ. ಅದನ್ನ ಒಳಗ ತರಬ್ಯಾಡ."

"ಎರಡು ದಿನ ಬಿಸಿಲಿಗೆ ಇಟ್ಟಾರ ಅಕ್ಕಾ. ನರ್ಸ ಹೇಳ್ಯಾಳ."

"ಅವರು ಹೇಳ್ತಾರ, ಹೋಗ್ತಾರ. ನನ್ನ ಮನ್ಯಾಗ ನಾಕ ಕೂಸು ಅದಾವು. ಬಟ್ಟಿ ಆದ್ರ ಕುದಸ್ತೀನಿ. ಕಾಗದ ಹೆಂಗ ಕುದಸ್ಲಿ, ನೀನ ಹೇಳು."

ಅಕ್ಕನನ್ನು ಬೈಯಲು ನನಗೆ ಬಾಯಿಲ್ಲ. ನಾಲ್ಕು ಕೂಸು ಎಂದು ಎಣಿಸುವಾಗ ಅವಳು ಕಾಶಿಯನ್ನೂ ಸೇರಿಸಿದ್ದಳು. ಅವಳ ಮೈದುನ ಇದೇ ರೋಗದಲ್ಲಿ ಅವಳ ಕಣ್ಣೆದುರೇ ಹೋಗಿದ್ದ. ಅಷ್ಟಾದರೂ ನನ್ನ ಮಗಳನ್ನು ಇಟ್ಟುಕೊಂಡಿದ್ದಳು, ಬೇರೆ ಯಾರು ಇಟ್ಟುಕೊಳ್ಳುತ್ತಿದ್ದರು? ಇದೆಲ್ಲ ಈಗ ತಣ್ಣಗೆ ಕೂತು ಹೇಳುವ ಮಾತು. ಆಗ ನನಗೆ ತಲೆಗೇರಿತು. ಭಾವ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್. ಅವನ ಬಿಳಿ ಕೋಟಿಗೆಂದು ಕಾಸಿದ ಇಸ್ತ್ರಿ ಪೆಟ್ಟಿಗೆ ಕಟ್ಟೆಯ ಮೇಲೆ ಕೆಂಡ ತುಂಬಿಕೊಂಡು ಕೂತಿತ್ತು.

"ಕುದಸೂದ ಯಾಕ? ನಿನ್ನ ಮುಂದ ಅದರಾಗಿನ ರೋಗದ ಹುಳಾ ಸುಡ್ತೀನಿ, ನೋಡು," ಎಂದು ಇಸ್ತ್ರಿ ಎತ್ತಿಕೊಂಡೆ.

ಬಟ್ಟೆಯವನಲ್ಲವೇ ನಾನು, ಕೆಲಸ ಅಚ್ಚುಕಟ್ಟಾಗಿಯೇ ಮಾಡಿದೆ. ಕಾಗದದ ಮೇಲೆ ನೀರು ಚಿಮುಕಿಸಿದೆ, ಬಣ್ಣ ಅಂಟದಿರಲಿ ಎಂದು ತೆಳು ಬಟ್ಟೆ ಹಾಸಿದೆ, ಮೈಭಾರ ಬಿಟ್ಟು ಒತ್ತಿದೆ. ಮಗುಚಿ ಮತ್ತೆ ಒತ್ತಿದೆ. ಅಕ್ಕನ ಬಾಯಿ ಮುಚ್ಚಿಸಲಿಕ್ಕೆ ಎಂದು ಯಾರಾದರೂ ಅಂದುಕೊಂಡಾರು. ನಿಜ ಹೇಳಬೇಕೆಂದರೆ ನನಗೂ ಹೆದರಿಕೆ ಇತ್ತು. ಲೋಕಲಿನಲ್ಲಿ ಬರುವಾಗಲೂ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ಎರಡು ಬೆರಳಲ್ಲಿ ಅಂಚು ಹಿಡಿದುಕೊಂಡೇ ಬಂದಿದ್ದೆ. ಹೆಂಡತಿ ಮುಟ್ಟಿದ ಕಾಗದ ಮಗಳ ಕೈಗೆ ಹೋಗಲಿದೆ ಎಂಬ ಭಯ ಅಕ್ಕನಿಗಿಂತ ನನಗೇನೂ ಕಡಿಮೆ ಇರಲಿಲ್ಲ. ಆ ಭಯಕ್ಕೇ ಅಷ್ಟು ಜೋರಾಗಿ ಒತ್ತಿದೆ.

ಬಟ್ಟೆ ಎತ್ತಿದಾಗ ನಾಲ್ಕು ಮೂಲೆಯಲ್ಲಿ ನಾಲ್ಕು ತೆನೆ ಹೊಳೆಯುತ್ತಿದ್ದವು. ನಡುವೆ ಏನೂ ಇರಲಿಲ್ಲ. ಬಿಸಿಲಿಗೆ ಓರೆ ಹಿಡಿದೆ, ಎಲ್ಲೋ ಒಂದು ಗೆರೆ ಕಂಡಂತಾಯಿತು. ಬೆರಳು ಆಡಿಸಿದೆ, ನುಣ್ಣಗಿತ್ತು. ಹದಿನಾಲ್ಕು ವರ್ಷ ಮಿಲ್ಲಿನಲ್ಲಿ ನೀರು ಮತ್ತು ಕಾವು ಬಟ್ಟೆಗೆ ಏನು ಮಾಡುತ್ತವೆ ಎಂದು ದಿನವೂ ನೋಡಿದವನು ನಾನು. ನನಗೆ ಅದು ಹೊಳೆಯಬಾರದಿತ್ತೇ?

"ಎಲಿ ಹೋತು ಅಕ್ಕಾ," ಎಂದೆ.

"ಯಾವ ಎಲಿ?" ಎಂದಳು ಅಕ್ಕ. ಪಾಪ, ಅವಳು ಅದನ್ನು ನೋಡಿಯೇ ಇರಲಿಲ್ಲ. ಅವಳ ಮುಖ ಸಡಿಲವಾಗಿತ್ತು. "ಈಗ ಒಳಗ ತಾ. ಚಲೋ ದಾರಿ ಹುಡುಕಿದಿ ನೋಡು. ಇನ್ನ ಮ್ಯಾಲ ಅಲ್ಲಿಂದ ಏನ ಬಂದ್ರೂ ಹಿಂಗ ಮಾಡೂಣು."

ಕಟ್ಟೆಯ ಮೇಲೆ ಕೂತು ಚಮಚದ ಹಿಡಿಯಿಂದ ಹಿಂದಿನ ಬದಿಗೆ ತಿಕ್ಕಿ ಎಲೆಯನ್ನು ಎಬ್ಬಿಸಲು ನೋಡಿದೆ. ನನ್ನ ಕೈಗೆ ಗೊತ್ತಿರುವುದು ನೇರ ಕೆಳಗೆ ಒತ್ತುವುದೊಂದೇ. ಕಾಗದ ಒಂದು ಕಡೆ ಹರಿಯತೊಡಗಿತು, ಹೆದರಿ ಬಿಟ್ಟೆ. ಅಷ್ಟರಲ್ಲಿ ಕಾಶಿ ಹೊಸ ಲಂಗದಲ್ಲಿ ಓಡಿಬಂದಳು. ಅದೂ ನಮ್ಮ ಮಿಲ್ಲಿನ ತುಂಡು ಬಟ್ಟೆಯಲ್ಲೇ ಹೊಲಿಸಿದ್ದು.

"ಇಕಾ, ಬನ್ನಿ. ನಿಮ್ಮವ್ವ ನಿನಗಂತ ಮಾಡ್ಯಾಳ," ಎಂದು ಕೊಟ್ಟೆ.

ಅವಳು ನೋಡಿದಳು. ಲಂಗದ ಅಂಚು ಮಗುಚಿ, ಅಲ್ಲಿ ಉಳಿದಿದ್ದ ಛಾಪನ್ನೂ ನೋಡಿದಳು. "ಇದು ನಿನ್ನ ಮಿಲ್ಲಿನ ತೆನಿ," ಎಂದಳು.

"ತೆನಿ ನಂದು. ನಡುವ ನಿಮ್ಮವ್ವಂದು. ಬೆರಳ ಆಡಸು."

ಆಡಿಸಿದಳು. ಒಂದು ಸಲ ಅಲ್ಲ, ಎರಡು ಸಲ, ಹೇಳಿದ ಮಾತು ಕೇಳುವ ಕೂಸು. "ಇಲ್ಲಿ ಏನೂ ಇಲ್ಲಲಾ ಅಪ್ಪಾ," ಎಂದಳು. ಹಿಂದೆ ತಿರುಗಿಸಿ ನೋಡಿದಳು. ಆಮೇಲೆ ಕಾರ್ಡು ಹಿಡಿದುಕೊಂಡು ಒಳಗೆ ಓಡಿದಳು. "ಅವ್ವಾ, ಅಪ್ಪ ನನಗ ತೆನಿ ಚಿತ್ರ ತಂದಾನ."

"ನಾ ಅತ್ತಿ," ಎಂದಳು ಅಕ್ಕ ಒಳಗಿನಿಂದ, ನನಗೆ ಕೇಳಲಿ ಎಂದೇ ಸ್ವಲ್ಪ ಜೋರಾಗಿ. "ಅತ್ತಿ ಅನ್ನು."

ಹೋಳಿಗೆ ಬಡಿಸಿದರು, ತಿಂದೆ. ರುಚಿ ಏನಿತ್ತೋ ಶಿವನಿಗೇ ಗೊತ್ತು.

ಬುಧವಾರ ವಾರ್ಡಿಗೆ ಹೋದೆ. ಮೆಟ್ಟಿಲಿನ ಮೇಲೆ ನಿಂತು, ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ. ದಾನವ್ವ ತಲೆ ಬಾಚಿಸಿಕೊಂಡು, ಕುಂಕುಮ ಇಟ್ಟುಕೊಂಡು ಎದ್ದು ಕೂತಿದ್ದಳು. ಕೆನ್ನೆ ಕೆಂಪಗಿತ್ತು. ಮೂರು ದಿನದಿಂದ ಜ್ವರ ಮತ್ತೆ ಏರಿದೆ, ಮಲಗೆಂದರೆ ಕೇಳುವುದಿಲ್ಲ ಎಂದು ನರ್ಸು ಬಾಗಿಲಲ್ಲೇ ನನ್ನನ್ನು ಬೈದಿದ್ದಳು.

"ಬೆರಳ ಆಡಿಸಿದ್ಲೇನ್ರಿ?" ನಾನು ಕೂಡುವ ಮೊದಲೇ ಕೇಳಿದಳು.

"ಆಡಿಸಿದ್ಲು. ಎರಡ ಸಲ." ಅದು ಸುಳ್ಳಲ್ಲ.

"ಏನ ಅಂದ್ಲು?"

ಎಂಟು ತಿಂಗಳಲ್ಲಿ ಆ ಮುಖದಲ್ಲಿ ಅಷ್ಟು ಆಸೆಯನ್ನು ನಾನು ನೋಡಿರಲಿಲ್ಲ. ಮೆಟ್ಟಿಲಿನ ಮೇಲೆ ಗಟ್ಟಿ ಮಾಡಿಕೊಂಡದ್ದೆಲ್ಲ ಎಲ್ಲಿ ಹೋಯಿತೋ.

"ಅವ್ವಾ ಅಂದ್ಲು," ಎಂದೆ. ಅದೂ ಸುಳ್ಳಲ್ಲ.

ದಾನವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕೆಮ್ಮು ಎಂದುಕೊಂಡೆ, ಅಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ದಿಂಬಿನ ಕೆಳಗಿಂದ ಇನ್ನೊಂದು ಕಾರ್ಡು ತೆಗೆದಳು. ದೀಪಾವಳಿಗೆ. ಅದೇ ಬನ್ನಿ, ಈ ಸಲ ಅಂಗೈಯಗಲ. ಅವಳ ಹೆಬ್ಬೆರಳಿನ ಉಗುರಿನ ಕೆಳಗೆ ನೆತ್ತರು ಕಟ್ಟಿ ಕಪ್ಪಾಗಿತ್ತು.

"ಹೋದ ಸಲ ಭಾಳ ಸಣ್ಣ ಆಗಿತ್ತು. ಈ ಸಲ ಜೋರ ಒತ್ತೀನಿ. ಕೂಸಿನ ಕೈಗೆ ಎದ್ದು ಸಿಗಬೇಕು, ಹಂಗ," ಎಂದಳು. "ನೋಡ್ರಿ."

ಬೆರಳು ಇಟ್ಟೆ. ಎದ್ದು ಸಿಕ್ಕಿತು. ಅಕ್ಕ ಹಾಕಿದ ಕಟ್ಟಳೆ, ನಾನೇ ತೋರಿಸಿಕೊಟ್ಟ ದಾರಿ, ಇನ್ನು ಆ ಇಸ್ತ್ರಿಯ ಕೆಳಗೆ ಹೋಗದೆ ಒಂದು ಕಾಗದವೂ ಆ ಮನೆಯೊಳಗೆ ಹೋಗುವಂತಿರಲಿಲ್ಲ. ಕದ್ದು ತೋರಿಸೋಣವೆಂದರೆ ಕೂಸಿನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅಕ್ಕ ಬಾಗಿಲು ಹಾಕಿದರೆ ಕೂಸಿಗೆ ಬೇರೆ ದಿಕ್ಕಿಲ್ಲ. ಇನ್ನು ಮಾಡಬೇಡ ಎಂದರೆ ಇವಳು ಯಾಕೆ ಎಂದು ಕೇಳುತ್ತಾಳೆ.

"ಇನ್ನೊಂದೀಟು ಒತ್ತಲೇನ್ರಿ?" ಎಂದು ಕೇಳಿದಳು.

"ಒತ್ತು," ಎಂದು ಬ್ರಷ್ಷನ್ನು ಅವಳ ಕೈಗೆ ಕೊಟ್ಟೆ.