ಹೊಟ್ಟೆ ಬಾಯಿ ಕಟ್ಟಿ

ಸಮಸ್ತ ಬಂಧುಮಿತ್ರರಲ್ಲಿ ಅತೀವ ವಿಷಾದದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಪರದೇಶದ ಒಂದು ಸಾಧಾರಣ ಲಾಡ್ಜಿನ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಒಂದು ಆಮ್ಲೆಟ್ಟು ತಣ್ಣಗಾಯಿತು. ಅಂಚಿನಲ್ಲಿ ಗರಿಗರಿಯಾಗಿಯೂ ನಡುವೆ ಮೃದುವಾಗಿಯೂ ಇದ್ದ ಸದರಿ ಆಮ್ಲೆಟ್ಟು ಎಲ್ಲರೊಂದಿಗೂ ಬೆರೆಯುವ ಸ್ವಭಾವದ್ದಾಗಿತ್ತು. ಅದು ಎರಡು ಚೂರು ಬ್ರೆಡ್ಡನ್ನೂ ಒಂದು ಹಸಿದ ಹೊಟ್ಟೆಯನ್ನೂ ಅಗಲಿದೆ.

ಹಸಿದ ಹೊಟ್ಟೆ ಒಂಚೂರಣ್ಣನದು. ಒಮ್ಮೆ ಕುರ್ಚಿ ಹತ್ತಿ, ಒಮ್ಮೆ ಮೊಣಕಾಲೂರಿ, ಮೇಜಿನ ಸುತ್ತ ಪ್ರದಕ್ಷಿಣೆ ಹಾಕುತ್ತ ಅವನು ಇಪ್ಪತ್ತು ನಿಮಿಷದಿಂದ ಅದರ ವಿಡಿಯೋ ತೆಗೆಯುತ್ತಿದ್ದ. ಎದುರಿಗೆ ಕೂತ ಹೆಂಡತಿ ತನ್ನ ಪಾಲಿನದನ್ನು ಬಿಸಿಬಿಸಿ ತಿಂದು ಮುಗಿಸಿ, ಗಂಡನ ಸರ್ಕಸ್ಸನ್ನು ಟಿಕೆಟ್ಟಿಲ್ಲದೆ ನೋಡುತ್ತಿದ್ದಳು.

"ಇನ್ನೂ ಎಷ್ಟು ಹೊತ್ತು ತೆಗೀತೀರ್ರೀ?"

"ಬಿಸಿಲು ಈಗಷ್ಟೇ ತಟ್ಟೆಗೆ ಬರ್ತಾ ಇದೆ ಕಣೇ. ಒಂಚೂರು ತಾಳು."

"ನಾನು ತಾಳ್ತೀನಿ. ಆ ಬಡಿಸೋನು ತಾಳ್ತಾನಾ ಕೇಳಿ. ನೀವು ಹೀಗೇ ತೆಗೀತಾ ಇರಿ, ಅವನು ಬಂದು ಪೂರ್ತಿ ತೆಗೀತಾನೆ."

ಹಾಗೇ ಆಯಿತು. ನಮ್ಮ ಭಾಷೆಯಲ್ಲಿ ತೆಗೆಯುವುದಕ್ಕೆ ಎರಡು ಅರ್ಥ. ಒಂಚೂರಣ್ಣ ಮೊದಲನೆಯ ಅರ್ಥದಲ್ಲಿ ಮುಳುಗಿ ಲೆನ್ಸ್ ಒರೆಸುತ್ತಿದ್ದಾಗ, ನಮ್ಮ ಭಾಷೆಯ ಗಂಧಗಾಳಿಯಿಲ್ಲದ ಬಡಿಸುವವನು ಎರಡನೆಯ ಅರ್ಥವನ್ನು ತಟ್ಟೆ ಸಮೇತ ಎತ್ತಿಕೊಂಡು ಹೋದ.

ಇವನು ಇಲ್ಲಿಗೆ ಬಂದ ಕಥೆಯನ್ನು ಒಂಚೂರು ಹೇಳಬೇಕು. ಊರಿನಲ್ಲಿ ಇಪ್ಪತ್ತೆರಡು ವರ್ಷ ಮದುವೆ ವಿಡಿಯೋ ತೆಗೆದವನು. "ಒಂಚೂರು ಈ ಕಡೆ ನೋಡಿ, ಒಂಚೂರು ನಗಿ" ಎಂದು ಸಾವಿರಾರು ದಂಪತಿಗಳಿಗೆ ಹೇಳಿ ಹೇಳಿ ಆ ಮಾತೇ ಅವನ ಹೆಸರಾಗಿ ಕೂತಿತ್ತು. ಮದುವೆಮನೆಯ ಕ್ಯಾಮೆರಾದವನಿಗೆ ಕೂರುವ ಯೋಗವಿಲ್ಲ. ವೇದಿಕೆಯಲ್ಲಿ ಹಾರ, ಬಾಗಿಲಲ್ಲಿ ಬೀಗರು, ಮೂಲೆಯಲ್ಲಿ ಚಿಕ್ಕಪ್ಪನ ಮುನಿಸು, ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ, ಎಲ್ಲ ಕಡೆಯೂ ಅವನಿರಬೇಕು. ಹೀಗೆ ಓಡಾಡಿ ಅವನು ಖಾಲಿ ಕೋಣೆಯಲ್ಲೂ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗುತ್ತಿದ್ದ. ನಿದ್ದೆಯಲ್ಲೂ ಕಾಲಾಡಿಸುತ್ತಿದ್ದ. "ನಾನು ಮದುವೆಯಾಗಿದ್ದು ಇವರನ್ನಲ್ಲ, ಇವರ ಎರಡು ಕಾಲನ್ನ" ಎಂದು ಹೆಂಡತಿ ತನ್ನ ಟೈಲರಿಂಗ್ ಅಂಗಡಿಯ ಗಿರಾಕಿಗಳಿಗೆ ಹೇಳುತ್ತಿದ್ದಳು.

ಒಂದು ದಿನ ಒಂಚೂರಣ್ಣನಿಗೆ ಜ್ಞಾನೋದಯವಾಯಿತು. ಊಟದ ಸಾಲಿಗೆ ಕ್ಯಾಮೆರಾ ಬಂದ ತಕ್ಷಣ ಮನುಷ್ಯರೆಲ್ಲ ಬಾಯಿ ಮುಚ್ಚಿ ಮುಖ ತಿರುಗಿಸುತ್ತಾರೆ. ತಿರುಗಿಸದೆ ನೆಟ್ಟಗೆ ನೋಡುವುದು ತಟ್ಟೆಯಲ್ಲಿರುವುದು ಮಾತ್ರ. ಅದಕ್ಕೆ ಮುನಿಸಿಲ್ಲ, ಬೀಗರಿಲ್ಲ, ಆಲ್ಬಮ್ ನೋಡಿ "ನಾನು ಇಷ್ಟು ದಪ್ಪ ಇದೀನಾ?" ಎಂದು ಜಗಳ ತೆಗೆಯುವುದಿಲ್ಲ. ಅವತ್ತೇ ತೀರ್ಮಾನಿಸಿದ: ಇನ್ನು ಮದುವೆ ಸಾಕು, ಊಟ ಸಾಕಷ್ಟು.

ಆಗಲೇ ಮೇಷ್ಟ್ರ ಜಾಹೀರಾತು ಕಣ್ಣಿಗೆ ಬಿತ್ತು. ನಮ್ಮವರೇ, ಪರದೇಶದಲ್ಲಿ ನೆಲೆಸಿ ಅಡುಗೆಯ ಸಿನಿಮಾ ತೆಗೆದು ಹೆಸರಾದವರು. ಎಂಟು ಜನರನ್ನು ಏಳು ದಿನ ಅಲ್ಲಿನ ಸಂತೆ, ಅಡುಗೆಮನೆ ಸುತ್ತಿಸಿ ವಿದ್ಯೆ ಕಲಿಸುತ್ತಾರೆ. ಕೊನೆಯ ದಿನ ಯಾರ ಚಿತ್ರ ಚೆನ್ನಾಗಿರುತ್ತದೋ ಅವರಿಗೆ ಮೇಷ್ಟ್ರ ಹೊಸ ಸರಣಿಗೆ ಒಂದು ವರ್ಷ ಕ್ಯಾಮೆರಾ ಕೆಲಸ. ಒಂಚೂರಣ್ಣ ಹೊಟ್ಟೆ ಬಾಯಿ ಕಟ್ಟಿ ಉಳಿಸಿದ್ದನ್ನೆಲ್ಲ ಸುರಿದ. ಸೀಸನ್ನಿನ ಮದುವೆಗಳನ್ನೆಲ್ಲ ತಮ್ಮನಿಗೆ ಒಪ್ಪಿಸಿದ. ಹೊರಡುವ ಹಿಂದಿನ ದಿನ ಪೇಂಟರನ್ನು ಕರೆಸಿ ಅಂಗಡಿಯ ಬೋರ್ಡಿನಲ್ಲಿದ್ದ 'ಮದುವೆ' ಎಂಬ ಪದದ ಮೇಲೆ ಬಿಳಿ ಬಣ್ಣ ಬಳಿಸಿದ. ಹೀಗೆ ವಾಪಸು ಬರುವ ದಾರಿಗೆ ತಾನೇ ಸುಣ್ಣ ಹೊಡೆದು ವಿಮಾನ ಹತ್ತಿದ. ಹೆಂಡತಿ ಜೊತೆಗೆ ಬಂದಳು, ಯಾಕೆಂದರೆ ಜೋಡಿಗೆ ರಿಯಾಯಿತಿ ಇತ್ತು.

ಮೇಷ್ಟ್ರು ಮೊದಲ ದಿನವೇ ಎಲ್ಲರಿಗೂ ಒಂದು ಕಾರ್ಡು ಕೊಟ್ಟಿದ್ದರು. ಒಂದು: ಹೊಟ್ಟೆ ತುಂಬಿದವನ ಕಣ್ಣು ತೂಕಡಿಸುತ್ತದೆ, ಆ ದಿನದ ಚಿತ್ರ ತೆಗೆದು ಮುಗಿಸುವವರೆಗೆ ವಿದ್ಯಾರ್ಥಿಗಳು ತಿನ್ನಕೂಡದು. ಎರಡು: ಕೊನೆಯ ಚಿತ್ರ ಮೂರು ನಿಮಿಷ, ಒಂದೇ ಉಸಿರಿಗೆ, ಕತ್ತರಿ ಹಾಕುವಂತಿಲ್ಲ, ಎರಡನೇ ಸಲ ತೆಗೆಯುವಂತಿಲ್ಲ. ಮೂರು: ಸದ್ದು ಇದ್ದ ಹಾಗೇ ಇರಬೇಕು. ನಾಲ್ಕು: ತೆಗೆಯುವವರ ಮಾತು ಚಿತ್ರದಲ್ಲಿ ಕೇಳಿಸಕೂಡದು.

ಸಂತೆಯಲ್ಲಿ ಒಂಚೂರಣ್ಣ ನಾಲ್ಕನೆಯದರಲ್ಲಿ ಸಿಕ್ಕಿಬಿದ್ದ. ಉದ್ದನೆಯ ಛಾವಣಿಯ ಕೆಳಗೆ ತರಕಾರಿ, ಮೀನು, ಕೂಗಾಟ, ಒದ್ದೆ ನೆಲ. ಅವನ ಕಾಲು ಊರಿಗೆ ಬಂದ ಹಾಗೆ ಕುಣಿಯಿತು. ಟೊಮೆಟೊದಿಂದ ಮೀನಿಗೆ, ಮೀನಿನಿಂದ ಈರುಳ್ಳಿಗೆ ಹಾರಿದ. ಸಂಜೆ ಎಲ್ಲರ ಚಿತ್ರವನ್ನೂ ಗೋಡೆಯ ಮೇಲೆ ಹಾಕಿದಾಗ ಟೊಮೆಟೊ ರಾಶಿ ಅಲುಗಾಡುತ್ತ ಬಂತು, ಹಿಂದಿನಿಂದ ಒಂದು ದನಿ: "ಒಂಚೂರು ಈ ಕಡೆ... ಹಾಂ... ಒಂಚೂರು ನಗಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೊಮೆಟೊ ಮಾತ್ರ ನಗಲಿಲ್ಲ.

"ಏನಯ್ಯಾ, ಅದಕ್ಕೂ ಹುಡುಗಿ ನೋಡಿದೀಯಾ?" ಎಂದರು ಮೇಷ್ಟ್ರು.

"ಅಭ್ಯಾಸಬಲ ಮೇಷ್ಟ್ರೇ. ನಾಳೆಯಿಂದ ಒಂದು ಮಾತೂ ಆಡಲ್ಲ."

ಮಾತಿಗೆ ತಪ್ಪಲಿಲ್ಲ. ಮಾರನೇ ದಿನ ಮಾತಾಡಲಿಲ್ಲ, ಮದುವೆಮನೆಯ ಮಕ್ಕಳ ಗಮನ ಸೆಳೆಯುವ ಹಾಗೆ ಚಿಟಿಕೆ ಹೊಡೆದ, ನಾಲಿಗೆಯಲ್ಲಿ ಲೊಚ್ ಲೊಚ್ ಅಂದ. ಮೇಷ್ಟ್ರು ಗದರಿದಾಗ ಬಿರುಸಾಗಿ ವಾದಿಸಿದ: "ಕಾರ್ಡಲ್ಲಿ ಮಾತು ಅಂತಿದೆ. ಲೊಚ್ ಅನ್ನೋದು ಯಾವ ಭಾಷೇಲಿ ಮಾತು, ಹೇಳಿ?"

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, ಎಂಟೂ ಕಾರ್ಡು ವಾಪಸು ಇಸಿದುಕೊಂಡು, 'ತೆಗೆಯುವವರ ಮಾತು' ಎಂಬುದನ್ನು ಹೊಡೆದುಹಾಕಿ 'ತೆಗೆಯುವವರಿಂದ ಹೊರಟ ಯಾವುದೇ ಸದ್ದು' ಎಂದು ಬರೆದುಕೊಟ್ಟರು. ವಾದದಲ್ಲಿ ಗೆದ್ದೆನೆಂದು ಒಂಚೂರಣ್ಣ ಅಂದುಕೊಂಡ.

ಅವನ ಪಕ್ಕದಲ್ಲಿ ಕೂರುತ್ತಿದ್ದವರು ನಿವೃತ್ತರಾದ ಒಬ್ಬ ಹಲ್ಲಿನ ಡಾಕ್ಟರು. ಮೂವತ್ತೈದು ವರ್ಷ ಬೇರೆಯವರ ಬಾಯಿ ನೋಡಿ ಬದುಕಿದವರು. ಏನು ತೆಗೆದರೂ ತೀರ ಹತ್ತಿರದಿಂದ ತೆಗೆಯುತ್ತಿದ್ದರು, ಅವರ ಹೂಕೋಸಿಗೂ ಹುಳುಕು ಹಿಡಿದ ಹಾಗೆ ಕಾಣುತ್ತಿತ್ತು. ಆದರೆ ಅವರ ಕೈ ಕಲ್ಲು. ನಿಂತರೆ ನಿಂತಂತೆಯೇ.

"ಇವರ ಥರ ನಿಂತ್ಕೊಳ್ಳೋದು ಕಲಿ" ಎನ್ನುತ್ತಿದ್ದರು ಮೇಷ್ಟ್ರು. "ನಿನಗೆ ಕಣ್ಣಿದೆ ಕಣಯ್ಯಾ. ಈ ಎಂಟು ಜನದಲ್ಲಿ ಕಣ್ಣಿರೋನು ನೀನೊಬ್ಬನೇ. ಕಾಲೇ ನಿನ್ನ ಶತ್ರು."

ಆ ಮಾತು ಕೇಳಿದ ಮೇಲೆ ಒಂಚೂರಣ್ಣನಿಗೆ ಕೂತರೆ ನಿಂತರೆ ಚಡಪಡಿಕೆ. ಕೆಲಸ ಕೈಗೆಟುಕುವಷ್ಟು ಹತ್ತಿರ ಇದೆ, ಆದರೆ ಕಾಲು ಎಳೆಯುತ್ತಿದೆ. ಲಾಡ್ಜಿನ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಆರು ಹೆಜ್ಜೆ, ಕಿಟಕಿಯಿಂದ ಬಾಗಿಲಿಗೆ ಆರು. ಅಷ್ಟರಲ್ಲಿ ಊರಿನಿಂದ ತಮ್ಮನ ಫೋನು.

"ಅಣ್ಣಾ, ಬೋರ್ಡಲ್ಲಿ ಬರೀ 'ವಿಡಿಯೋ' ಅಂತ ಉಳಿದಿದೆಯಲ್ಲ, ಜನ ಬಂದು ಯಾವ ಥರದ್ದು ಅಂತ ಪಿಸುಪಿಸು ಕೇಳ್ತಾರೆ. ನಂಗೆ ಮುಜುಗರ."

"ಇನ್ನೆರಡು ದಿನ ತಡಿಯೋ. 'ಊಟದ ವಿಡಿಯೋ' ಅಂತ ಬರೆಸೋಣ."

"ಅತ್ತಿಗೆ ಏನಂತಾರೆ?"

"ಅವಳಿಗೇನು, ತಿಂತಾ ಇದಾಳೆ."

ಹೆಂಡತಿ ತಿನ್ನುತ್ತಿದ್ದಳು ನಿಜ, ಅವಳು ವಿದ್ಯಾರ್ಥಿಯಲ್ಲ, ಜೊತೆಗೆ ಬಂದವಳು. ಕಾರ್ಡಿನ ನಿಯಮ ಅವಳಿಗಿಲ್ಲ. ಆದರೆ ಗಂಡನ ಆರು ಹೆಜ್ಜೆಯನ್ನೂ ಎಣಿಸುತ್ತಿದ್ದಳು. ಕೊನೆಯ ದಿನ ಬೆಳಿಗ್ಗೆ ತನ್ನ ಕೈಚೀಲದಿಂದ ಎರಡು ವಸ್ತು ಹೊರತೆಗೆದಳು: ಅಳತೆ ಟೇಪು, ಗುಂಡುಸೂಜಿಯ ಡಬ್ಬಿ.

"ಪರದೇಶಕ್ಕೂ ಇವನ್ನ ತಂದಿದೀಯಾ?"

"ಮದುವೆಯಾಗಿ ನಿಮ್ಮನ್ನ ಎಲ್ಲ ಕಡೆ ಹೊತ್ಕೊಂಡು ಹೋಗ್ತೀನಿ, ಇವೇನು ಭಾರ. ಕೇಳಿ ಇಲ್ಲಿ. ಗಿರಾಕಿ ಬಂದು, ಕೊಟ್ಟಿದ್ದು ಒಂದು ಅಳತೆ, ಬೆಳೆದಿದ್ದು ಇನ್ನೊಂದು ಅಳತೆ ಆಗಿ ನನ್ನ ಮೇಲೆ ಕೂಗಾಡಿದ್ರೆ ನಾನೇನು ಮಾಡ್ತೀನಿ? ನಾಲ್ಕು ಗುಂಡುಸೂಜಿ ತುಟಿಯಲ್ಲಿ ಕಚ್ಕೋತೀನಿ. ಮಾತಾಡೋಕೇ ಆಗಲ್ಲ. ಹಾಗೇ ಇಪ್ಪತ್ತು ವರ್ಷದಿಂದ ಅಂಗಡಿ ನಡೆದಿದೆ."

"ಕಾಲಿಗೆ?"

"ಕಾಲಿಗೆ ಟೇಪು."

ಕೊನೆಯ ಚಿತ್ರಕ್ಕೆ ಚೀಟಿ ಎತ್ತಿದಾಗ ಒಂಚೂರಣ್ಣನಿಗೆ ಬಂದದ್ದು ಓಣಿಯ ಕೊನೆಯ ಪುಟ್ಟ ಊಟದ ಮನೆ. ಹಿಂಭಾಗದಲ್ಲಿ ಅಡುಗೆಮನೆ: ಮಸಿ ಹಿಡಿದ ಒಂದು ಒಲೆ, ಮೊಳೆಗೆ ನೇತುಹಾಕಿದ ಸೌಟುಗಳು, ಹಿತ್ತಲ ಕಡೆಯ ಒಂದೇ ಕಿಟಕಿ. ಅದನ್ನು ಆಳುತ್ತಿದ್ದವಳು ಒಬ್ಬ ಅಜ್ಜಿ. ಭಾಷೆ ಬೇರೆ, ಗದರುವ ಧಾಟಿ ಮಾತ್ರ ನಮ್ಮದೇ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸೂಪು.

ಅಜ್ಜಿ ಮೊದಲ ನೋಟಕ್ಕೇ ಅವನ ಮುಖ ಓದಿ ಸೌಟಿನಲ್ಲಿ ಸೂಪು ಹಿಡಿದಳು. ಒಂಚೂರಣ್ಣ ಬೆಳಗಿನಿಂದ ನೀರು ಬಿಟ್ಟು ಏನನ್ನೂ ಕಂಡಿರಲಿಲ್ಲ. ಆದರೂ ಕಾರ್ಡು ನೆನೆದು ತಲೆ ಆಡಿಸಿದ. ಅಜ್ಜಿ ಮತ್ತೆ ಹಿಡಿದಳು. ಅವನು ಮತ್ತೆ ತಲೆ ಆಡಿಸಿದ. ಅಜ್ಜಿ ಏನೋ ಗೊಣಗಿದಳು.

"ತಿನ್ನದೆ ಇರೋನಿಗೆ ಅಡುಗೆಮನೇಲಿ ಏನು ಕೆಲಸ ಅಂತಾರೆ" ಎಂದಳು ಹೆಂಡತಿ.

"ಅವರ ಭಾಷೆ ನಿಂಗೆ ಯಾವಾಗ ಬಂತು?"

"ನಮ್ಮತ್ತೆ ಹೀಗೇ ಸೌಟು ಹಿಡೀತಿದ್ರು. ಒಂದು ಗುಟುಕು ಕುಡೀರಿ, ಯಾರು ನೋಡ್ತಾರೆ?"

"ಬೇಡ ಕಣೇ. ಈವತ್ತೊಂದು ದಿನ ಎಲ್ಲ ನಿಯಮದ ಪ್ರಕಾರ ಆಗ್ಲಿ."

ಹೆಂಡತಿ ಮೊಣಕಾಲೂರಿ ಅವನ ಎರಡೂ ಕಾಲನ್ನು ಸೇರಿಸಿ ಅಳತೆ ಟೇಪಿನಿಂದ ಮೇಜಿನ ಕಾಲಿಗೆ ಬಿಗಿದಳು. ತುಟಿಗೆ ನಾಲ್ಕು ಗುಂಡುಸೂಜಿ ಕೊಟ್ಟಳು. ಕಾಲು ಕಟ್ಟಿಸಿಕೊಂಡು, ಸೂಜಿ ಕಚ್ಚಿಕೊಂಡು ನಿಂತ ಗಂಡಸನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹೆಂಡತಿಯ ಕಡೆ ತಿರುಗಿ, ಬಹಳ ಗೌರವದಿಂದ ತಲೆದೂಗಿದಳು.

ಕ್ಯಾಮೆರಾ ಓಡತೊಡಗಿತು.

ಅಜ್ಜಿ ಸೊಪ್ಪು ಹೆಚ್ಚಿದಳು. ಮೊದಲ ಅರ್ಧ ನಿಮಿಷ ಒಂಚೂರಣ್ಣನ ಕಾಲು ಟೇಪನ್ನು ಎಳೆಯಿತು. ಕಿಟಕಿಯ ಕಡೆ ಹೋಗು, ಒಲೆಯ ಹಿಂದೆ ಹೋಗು ಎಂದು ಮೊಣಕಾಲು ತುರಿಸಿತು. ಟೇಪು ಬಿಡಲಿಲ್ಲ. ನಿಧಾನವಾಗಿ ಅವನಿಗೆ, ಓಡುವವನಿಗೆ ಕಾಣದ್ದೆಲ್ಲ ಕಾಣತೊಡಗಿತು. ಅಜ್ಜಿಯ ಹೆಬ್ಬೆರಳ ಮೇಲೆ ಹಳೇ ಸುಟ್ಟ ಕಲೆ. ಚಾಕು ನಿಂತ ಮೇಲೂ ಅಲುಗುವ ಒಂದು ಸೊಪ್ಪಿನೆಲೆ. ಸೊಪ್ಪು ಹಾಕಿ, ಮುಚ್ಚಿ, ಒಲೆ ಆರಿಸಿ, ಅಜ್ಜಿ ಸುಮ್ಮನೆ ನಿಂತಳು. ಮುಚ್ಚಳದ ಅಂಚಿನಲ್ಲಿ ಒಂದು ಹನಿ ಬೆಳೆಯಿತು. ಅಡುಗೆಮನೆ ಪೂರ್ತಿ ಮೌನ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ನಿಂತಲ್ಲೇ ನಿಂತಿದ್ದ. ಅಜ್ಜಿ ಬಟ್ಟೆ ಮಡಚಿ ಹಿಡಿದು ಮುಚ್ಚಳ ಎತ್ತಿದಳು. ಹಬೆ ಎದ್ದು ಅವಳ ಮುಖ ಮುಚ್ಚಿತು, ತೆರೆಯಿತು.

ಮೂರು ನಿಮಿಷ. ಒಂಚೂರಣ್ಣ ಸೂಜಿ ಉಗಿದು, ಕಾಲು ಕಟ್ಟಿದ್ದು ಮರೆತು, ಹೆಂಡತಿಯ ಕಡೆ ಹೆಜ್ಜೆಯಿಟ್ಟು ಧೊಪ್ಪೆಂದು ಬಿದ್ದ. ಬಿದ್ದಲ್ಲೇ ನಗುತ್ತಿದ್ದ. "ಸಿಕ್ತು ಕಣೇ! ಬೋರ್ಡು ಬರೆಸೋಕೆ ಹೇಳು!" ಅದೇ ಸಂಭ್ರಮದಲ್ಲಿ ಸೂಪು ಕುಡಿಯುವುದನ್ನೂ ಮರೆತು, ಕ್ಯಾಮೆರಾ ಅವಚಿಕೊಂಡು ಮೇಷ್ಟ್ರ ಕೋಣೆಗೆ ಓಡಿದ.

ಸಂಜೆ ಗೋಡೆಯ ಮೇಲೆ ಅವನ ಚಿತ್ರ ಮುಗಿದಾಗ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದು ಕಣಯ್ಯಾ" ಎಂದರು. ಒಂಚೂರಣ್ಣ ಕುರ್ಚಿಯ ತುದಿಯಲ್ಲಿ ಕೂತು ಕಾಲಾಡಿಸಿದ. ಮೇಷ್ಟ್ರು ಆನಂದಕ್ಕೆಂದೇ ಕೊನೆಯ ಅರ್ಧ ನಿಮಿಷವನ್ನು ಸದ್ದು ಜೋರು ಮಾಡಿ ಇನ್ನೊಮ್ಮೆ ಹಾಕಿದರು. ಅಜ್ಜಿ ಸುಮ್ಮನೆ ನಿಂತಳು. ಹನಿ ಬೆಳೆಯಿತು. ಆಗ, ದೂರದ ಗುಡುಗಿನ ಹಾಗೆ: ಗುರ್ರ್ರ್... ಗುಳ್.

ಮೇಷ್ಟ್ರು ನಿಲ್ಲಿಸಿದರು. "ಇದೇನು ಸದ್ದು?"

"ಸೂಪು ಮೇಷ್ಟ್ರೇ. ಕುದೀತಾ ಇದೆ."

"ಅಜ್ಜಿ ಒಲೆ ಆರಿಸಿ ಆಯ್ತಲ್ಲ. ನೀನೇ ತೋರಿಸಿದೀಯ, ಅದೂ ಎಷ್ಟು ಚೆನ್ನಾಗಿ ತೋರಿಸಿದೀಯ."

ಹಲ್ಲಿನ ಡಾಕ್ಟರು ಕಿವಿ ಮುಂದೆ ಮಾಡಿ, ಮತ್ತೊಮ್ಮೆ ಹಾಕಿಸಿ ಕೇಳಿದರು. "ನನ್ನ ವಿಭಾಗ ಅಲ್ಲ" ಎಂದರು ಸಂಕೋಚದಿಂದ, "ಆದ್ರೂ ಬಾಯಿಂದ ಒಂದಡಿ ಕೆಳಗಿನದು. ಇದು ಖಾಲಿ ಹೊಟ್ಟೆ."

"ಅಯ್ಯೋ ಡಾಕ್ಟ್ರೇ, ನಿಮ್ಮ ಬಾಯಿಗಿಷ್ಟು!" ಎಂದು ಹೆಂಡತಿ ಎದ್ದಳು. "ಮೇಷ್ಟ್ರೇ, ತಿನ್ನಬೇಡ ಅಂದಿದ್ದು ಯಾರು? ನಿಮ್ಮ ಮೊದಲನೇ ನಿಯಮ ಪಾಲಿಸಿದ್ದಕ್ಕೆ ನಾಲ್ಕನೇದು ಮುರೀತು. ಅದೂ ಅಲ್ಲದೆ ಇವರು ಮಾತಾಡಿಲ್ಲ, ಹೊಟ್ಟೆ ಮಾತಾಡಿದೆ."

"ಮಾತು ಅಂತ ಇದ್ದಿದ್ರೆ ಬಿಡ್ತಿದ್ದೆ ಕಣಮ್ಮ." ಮೇಷ್ಟ್ರು ಕಾರ್ಡನ್ನು ಬೆಳಕಿಗೆ ಹಿಡಿದರು. ದನಿಯಲ್ಲಿ ನಿಜವಾದ ದುಃಖವಿತ್ತು. "ಯಾವುದೇ ಸದ್ದು ಅಂತಿದೆ. ಅದನ್ನ ಬರೆಸಿದ್ದೂ ನಿಮ್ಮ ಯಜಮಾನರೇ. ಡಾಕ್ಟ್ರ ಕ್ಯಾರೆಟ್ಟು ಚಿತ್ರ..." ಅವರು ನಿಟ್ಟುಸಿರು ಬಿಟ್ಟರು. "ಅದರಲ್ಲಿ ಏನೂ ಇಲ್ಲ. ತಪ್ಪೂ ಇಲ್ಲ."

ಕಾಲು ಕಟ್ಟಿದ್ದಾಯಿತು, ಬಾಯಿ ಕಟ್ಟಿದ್ದಾಯಿತು. ಹೊಟ್ಟೆ ಕಟ್ಟುವುದಕ್ಕೆ ಟೇಪು ಸಾಲಲಿಲ್ಲ.

"ಆದ್ರೂ ನ್ಯಾಯ ಅಂತ ಒಂದಿದೆ" ಎಂದು ಮೇಷ್ಟ್ರು ಪುಸ್ತಕ ಬಿಡಿಸಿ ಪೆನ್ನು ಹಿಡಿದರು. "ನೀನೇ ಹೇಳಯ್ಯಾ. ಇದು ನಿನ್ನಿಂದ ಹೊರಟ ಸದ್ದಲ್ಲ ಅಂತ ನೀನು ಹೇಳಿದ್ರೆ ನಂಬ್ತೀನಿ."

ಒಂಚೂರಣ್ಣ ಎದ್ದು ನಿಂತ. ಎಲ್ಲರೂ ಅವನ ಕಡೆ ತಿರುಗಿದರು. ಕೋಣೆ ಅಜ್ಜಿಯ ಅಡುಗೆಮನೆಯಷ್ಟೇ ಮೌನವಾಯಿತು. ಅವನು ಬಾಯಿ ತೆರೆದ. ಅಷ್ಟರಲ್ಲಿ, ಅವನಿಗಿಂತ ಒಂಚೂರು ಮೊದಲು, ಹೊಟ್ಟೆಯೇ ಉತ್ತರ ಕೊಟ್ಟಿತು.

ಗುರ್ರ್ರ್... ಗುಳ್.

ಮೇಷ್ಟ್ರು ತಲೆ ತಗ್ಗಿಸಿ ಬರೆದುಕೊಂಡರು: 'ಅಭ್ಯರ್ಥಿ ಒಪ್ಪಿಕೊಂಡಿದ್ದಾರೆ.'