ಕ್ಯಾಪ್ಟನ್ ಕೆರ್ಲೊ ಹೆಸರಿನ ಹೂಚಕ್ರ

“ಇದು ಬೇಡ. ವಾಪಸ್ ತಗೊಂಡ್ ಹೋಗಿ ಅಂದೆ ತಾನೆ!”

ಮದಾಮ್ ಪ್ರೂವೊ ಚರ್ಚಿನ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈಯಿಂದ ಹೂಚಕ್ರವನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಹೂವಿನಂಗಡಿಯವನು ಬಿಡಲೊಲ್ಲ.

“ಒರ್ತಾನ್ಸ್ ಬ್ರಿದೂ ಅವರ ಮಣ್ಣಿಗೆ ಅಂತಲೇ ಹೇಳಿ ಕಳಿಸಿರೋದು ಮದಾಮ್. ಪಟ್ಟಿ ಮೇಲೆ ಹೆಸರೂ ಬರೆಸಿದಾರೆ, ಬೇಕಾದ್ರೆ ಓದಿ.”

“ಓದಿದೀನಪ್ಪ. ಓದಿದ್ದಕ್ಕೇ ಬೇಡ ಅಂತಿರೋದು.”

ಕೆಂಪು ಗುಲಾಬಿಯ ದೊಡ್ಡ ಚಕ್ರ. ಅಡ್ಡ ಹಾಕಿದ್ದ ನೇರಳೆ ಪಟ್ಟಿಯ ಮೇಲೆ ಚಿನ್ನದ ಬಣ್ಣದಲ್ಲಿ ಎರಡೇ ಪದ: ಕ್ಯಾಪ್ಟನ್ ಕೆರ್ಲೊ.

ಪಟ್ಟಿಯ ಮೇಲೆ ಹೂವು ಕಳಿಸಿದವರ ಹೆಸರು ಬರೆಸುವುದು ರೂಢಿ. ಕ್ಯಾಪ್ಟನ್ ಕೆರ್ಲೊ ಯಾರೆಂಬುದು ಮೊಂತ್ರೈ ಊರಿನ ಆ ಬೀದಿಗೆಲ್ಲ ಗೊತ್ತು. ಸೈಕಲ್ ರಿಪೇರಿಯ ಆನ್ಸೆಲ್ಮ್ ಬ್ರಿದೂ. ಪೋಲಿ ಕಾದಂಬರಿ ಬರೆದು ಕೋರ್ಟಿನಲ್ಲಿ ದಂಡ ತೆತ್ತವನು. ಈಗ ಒಳಗೆ ಪೆಟ್ಟಿಗೆಯಲ್ಲಿ ಮಲಗಿರುವವಳ ಗಂಡ.

“ಹೆಂಡತಿ ಹೆಣದ ಮೇಲೂ ಆ ಹೊಲಸು ಹೆಸರು ಹಾಕಿ ಮೆರೀಬೇಕಾ?” ಮದಾಮ್ ಪ್ರೂವೊಳ ದನಿ ಒಳಗಿನ ಬೆಂಚುಗಳವರೆಗೂ ಕೇಳಿಸಿತು. “ಮೂವತ್ತು ವರ್ಷ ಈ ಚರ್ಚಲ್ಲಿ ಹಾರ್ಮೋನಿಯಂ ನುಡಿಸಿದ ಕೈ ಅವಳದ್ದು. ಪಾಪ, ಪುಣ್ಯಾತ್ಗಿತ್ತಿ. ಎಂಥವನ ಜೊತೆ ಬಾಳಿದಳೋ!”

ಆನ್ಸೆಲ್ಮ್ ಎದ್ದು ಬಂದ. ಹೂವು ಅವನು ಕಳಿಸಿದ್ದಲ್ಲ. ಕಳಿಸಿದವನು ಕಂಬದ ಪಕ್ಕದಲ್ಲೇ ಟೋಪಿ ಹಿಡಿದು ನಿಂತಿದ್ದ: ಪ್ರಕಾಶಕ ಮಲಾರ್. ಎಪ್ಪತ್ತು ದಾಟಿದ ಮನುಷ್ಯ, ಕೆರ್ಲೊನ ಪುಸ್ತಕಗಳಿಗಾಗಿ ಎರಡು ಸಲ ಜೈಲು ನೋಡಿದವನು.

“ತಲೆ ಕೆಟ್ಟಿದ್ಯೇನ್ರೀ ನಿಮಗೆ?” ಆನ್ಸೆಲ್ಮ್ ಅವನ ಕಿವಿಯ ಬಳಿ ಹಲ್ಲು ಕಚ್ಚಿ ಕೇಳಿದ.

“ಅದು ಕಳಿಸಿದವರ ಹೆಸರಲ್ಲ, ಹೋದವರ ಹೆಸರು,” ಎಂದ ಮಲಾರ್ ಮೆಲ್ಲಗೆ. “ಒಂದು ಗಂಟೆ ಹೊತ್ತಾದ್ರೂ ಅವರ ಹೆಸರು ಅವರ ಮೇಲಿರಲಿ ಅಂತ.”

“ಶ್! ಬಾಯ್ಮುಚ್ಚಿ. ಅವಳಿಗೆ ಮಾತು ಕೊಟ್ಟಿದೀನಿ.”

ಅವನ ಕಣ್ಣು ಮೊದಲ ಬೆಂಚಿನತ್ತ ಹೋಯಿತು. ಅಲ್ಲಿ ಕಪ್ಪು ಕೋಟಿನಲ್ಲಿ ಮಗಳು ಜಿನೆತ್ ಕೂತಿದ್ದಳು. ಹದಿನೈದು ವರ್ಷದ ಮೇಲೆ ಕಂಡ ಮಗಳು. ಬೆಳಿಗ್ಗೆ ಲಿಯೋನಿನ ರೈಲಿನಿಂದ ಇಳಿದು ನೇರ ಚರ್ಚಿಗೆ ಬಂದಿದ್ದಳು. ಅಪ್ಪನ ಕಡೆ ತಲೆಯಾಡಿಸಿದ್ದಷ್ಟೆ. ಸಂಜೆಯ ರೈಲಿಗೆ ಹೊರಡುತ್ತಾಳಂತೆ. ಆಮೇಲೆ ಅವಳನ್ನು ಕರೆತರುವ ಇನ್ನೊಂದು ಸಾವು ಅಂದರೆ ತನ್ನದೇ, ಅದಕ್ಕೆ ಬರುವಳೋ ಇಲ್ಲವೋ ಎಂದು ಆನ್ಸೆಲ್ಮ್ ಯೋಚಿಸಿದ. ಒಂದು ಮಾತು ಹೇಳಿದರೆ ಸಾಕಿತ್ತು. ಆ ಮಾತನ್ನೇ ಆಡುವಂತಿರಲಿಲ್ಲ.

ಹೂವಿನವನ ಕಡೆ ತಿರುಗಿ ಅವನು, “ತಗೊಂಡು ಹೋಗಪ್ಪ. ತಪ್ಪು ನನ್ನದೇ,” ಎಂದ.

“ಇರಲಿ.”

ಜಿನೆತ್ ಎದ್ದು ನಿಂತಿದ್ದಳು. “ಒಳಗೆ ತಗೊಂಡು ಬನ್ನಿ. ಪೆಟ್ಟಿಗೆ ಮೇಲಿಡಿ.”

“ಜಿನೆತ್, ನಿನಗೆ ಗೊತ್ತಿಲ್ಲಮ್ಮ, ಅದು...” ಮದಾಮ್ ಪ್ರೂವೊ ತಡವರಿಸಿದಳು.

“ನನಗೆ ಓದೋಕೆ ಬರತ್ತೆ ಮದಾಮ್. ಹೆಸರು ಕಾಣೋ ಹಾಗೆ ಇಡಿ.”

ನಾಲ್ಕು ಜನರೆದುರು ತನ್ನನ್ನು ಇನ್ನಷ್ಟು ನಾಚಿಸುವುದಕ್ಕೇ ಇರಬೇಕು ಎಂದುಕೊಂಡ ಆನ್ಸೆಲ್ಮ್. ತಲೆ ತಗ್ಗಿಸಿ ಕೂತ.

*

ಶುರು ಮಾಡಿದ್ದು ದುಡ್ಡಿಗೇ. ಯುದ್ಧ ಮುಗಿದ ಮೊದಲ ಚಳಿಗಾಲ. ಹೊಸ ಟಯರು ಸಿಗದೆ ಅಂಗಡಿ ಮಲಗಿತ್ತು. ಮಲಾರನ ಬಳಿ ಬೇರೆಯವರ ಬರಹ ಟೈಪು ಮಾಡಿಕೊಡುತ್ತಿದ್ದ ಒರ್ತಾನ್ಸ್ ಒಂದು ದಿನ, “ಇದಕ್ಕಿಂತ ಚೆನ್ನಾಗಿ ನಾನೇ ಬರೀತೀನಿ, ಈ ಗಂಡಸರಿಗೆ ಏನೂ ಗೊತ್ತಿಲ್ಲ,” ಎಂದಳು. ಎರಡನೆಯ ಪುಸ್ತಕದಿಂದಾಚೆಗೆ ದುಡ್ಡಿಗಲ್ಲ. ಬರೆಯುವಾಗ ಅವಳ ಕೆನ್ನೆ ಕೆಂಪೇರುತ್ತಿತ್ತು, ತನ್ನಷ್ಟಕ್ಕೆ ನಗುತ್ತಿದ್ದಳು. ಮೇಲೆ ಅಡುಗೆಮನೆಯಲ್ಲಿ ಟೈಪು ಯಂತ್ರದ ಸದ್ದು ಶುರುವಾದರೆ ಕೆಳಗೆ ಅಂಗಡಿಯಲ್ಲಿ ಆನ್ಸೆಲ್ಮ್ ಸುತ್ತಿಗೆ ಎತ್ತಿಕೊಂಡು ಚಕ್ರದ ರಿಮ್ಮು ಬಡಿಯುತ್ತಿದ್ದ. ಆ ಸದ್ದು ಬೀದಿಗೆ ಕೇಳದಿರಲೆಂದು ಸೊಟ್ಟಗಿಲ್ಲದ ರಿಮ್ಮನ್ನೂ ಬಡಿಯುತ್ತಿದ್ದ. ಊಟದ ಹೊತ್ತಿಗೆ ಮೇಲಿನಿಂದ ಕೂಗು ಬರುತ್ತಿತ್ತು: “ಆನ್ಸೆಲ್ಮ್, ಕೈ!” ಅವನು ಪ್ಯಾಂಟಿಗೆ ಒರೆಸಿಕೊಂಡು ಹತ್ತುತ್ತಿದ್ದ.

ಪೊಲೀಸರು ಬಂದದ್ದು ಐವತ್ನಾಲ್ಕರಲ್ಲಿ. ಇಬ್ಬರು. ಒಬ್ಬನ ಕೈಯಲ್ಲಿ ಪುಸ್ತಕ.

“ಈ ಮನೇಲಿ ಕ್ಯಾಪ್ಟನ್ ಕೆರ್ಲೊ ಯಾರು?”

ಈರುಳ್ಳಿ ಹೆಚ್ಚುತ್ತಿದ್ದ ಒರ್ತಾನ್ಸಳ ಚಾಕು ನಿಂತಿತು. ಮರುದಿನ ಭಾನುವಾರ, ಚರ್ಚಿನಲ್ಲಿ ಅವಳು ಹಾರ್ಮೋನಿಯಂ ನುಡಿಸಬೇಕು. ಗಂಡಸು ಇಂಥದ್ದು ಬರೆದರೆ ಬೀದಿ ಉಗಿಯುತ್ತದೆ, ಆಮೇಲೆ ಕಣ್ಣು ಹೊಡೆಯುತ್ತದೆ. ಹೆಂಗಸು ಬರೆದರೆ ಊರು ಬಿಡಿಸುತ್ತದೆ. ಮೆಟ್ಟಿಲು ಹತ್ತಿ ಬಂದ ಆನ್ಸೆಲ್ಮ್‌ಗೆ ಇಷ್ಟೂ ಒಂದೇ ಉಸಿರಿನಲ್ಲಿ ಹೊಳೆಯಿತು.

“ನಾನೇ,” ಎಂದ.

“ನೀನಾ?” ಪೊಲೀಸಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಯಾಕ್ ಸ್ವಾಮಿ? ಪಂಕ್ಚರ್ ಹಾಕೋನಿಗೆ ಆಸೆ ಇರಬಾರದಾ?”

ಇಬ್ಬರೂ ನಕ್ಕರು. ಸಾಕ್ಷಿಗೆಂದು ಟೈಪು ಯಂತ್ರ ಹೊತ್ತುಕೊಂಡು ಹೋದರು. ಅದರ ಬಿಳಿ ಕೀಲಿಗಳ ಮೇಲೆ ಗ್ರೀಸಿನ ಒಂದು ಚುಕ್ಕೆಯೂ ಇರಲಿಲ್ಲ. ಅದು ಅವರ ಕಣ್ಣಿಗೆ ಬೀಳಲಿಲ್ಲ.

ಜಿನೆತ್‌ಗೆ ಆಗ ಇಪ್ಪತ್ತು. ನಿಶ್ಚಯವಾಗಿದ್ದ ಮದುವೆ ಮುರಿಯಿತು. “ನನಗೆ ಅಪ್ಪ ಇಲ್ಲ,” ಎಂದು ಪೆಟ್ಟಿಗೆ ಕಟ್ಟಿಕೊಂಡು ಲಿಯೋನಿಗೆ ಹೋದಳು. ವರ್ಷಕ್ಕೊಮ್ಮೆ ಅವಳನ್ನು ನೋಡಲು ಹೊರಡುವಾಗಲೆಲ್ಲ ಒರ್ತಾನ್ಸ್, “ಈ ಸಲ ಹೇಳಿಬಿಡ್ತೀನಿ,” ಎನ್ನುತ್ತಿದ್ದಳು. ಹಿಂದಿರುಗಿ ಬಂದಾಗ ಕಣ್ಣು ತಪ್ಪಿಸುತ್ತಿದ್ದಳು. ಅವನು ಕೇಳುತ್ತಿರಲಿಲ್ಲ. ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬಂದ ದಿನ ರಿಮ್ಮು ಬಡಿಯುತ್ತಿದ್ದ.

ಕಡೆಗೆ ಆಸ್ಪತ್ರೆಯಲ್ಲಿ ಅವಳು ಅಂದಳು: “ನೀನು ಹೇಳಬೇಡ. ಹೇಳೋದು ನನ್ನ ಕೆಲಸ.”

ಅವನು ಹೂಂ ಎಂದ. ಮೂರನೆಯ ದಿನ ಹೋದಳು.

*

ಮಣ್ಣಾದ ಮೇಲೆ ಯಾರೂ ಮನೆಗೆ ಬರಲಿಲ್ಲ. ಸ್ಮಶಾನದ ಗೇಟಿನಲ್ಲಿ ಬ್ರೆಡ್ಡಿನಂಗಡಿಯವನು ಕೈ ಕುಲುಕಿ, ಅತ್ತಿತ್ತ ನೋಡಿ, “ಹೊಸದೇನಾದ್ರೂ ಬರ್ತಿದ್ಯಾ ಕ್ಯಾಪ್ಟನ್?” ಎಂದು ಪಿಸುಗುಟ್ಟಿದ. “ಇನ್ನು ಬರಲ್ಲ,” ಎಂದ ಆನ್ಸೆಲ್ಮ್. ಹಾಗೆ ಹೇಳುವಾಗಲೇ ಅವನಿಗೆ ಮೊದಲ ಸಲ ಅಳು ಬಂದದ್ದು.

ಜಿನೆತ್ ಮಾತ್ರ ಹಿಂದೆಯೇ ಬಂದಳು. ರೈಲಿಗೆ ಇನ್ನೂ ಹೊತ್ತಿತ್ತು. ಕೋಟು ತೆಗೆಯದೆಯೇ ಅಡುಗೆಮನೆಗೆ ಹೋಗಿ ಆಲೂಗಡ್ಡೆ, ಈರುಳ್ಳಿ ಹಾಕಿ ಸೂಪಿಗಿಟ್ಟಳು. ಆನ್ಸೆಲ್ಮ್ ಮೇಜಿನ ಮುಂದೆ ಕೂತ.

“ಕಳೆದ ಸಲ ನನ್ನ ಮನೆಗೆ ಬಂದಾಗ ಅಮ್ಮ ದಿಂಬಿನ ಕೆಳಗೆ ಒಂದು ಪುಸ್ತಕ ಬಿಟ್ಟು ಹೋಗಿದ್ಲು,” ಎಂದಳು ಜಿನೆತ್, ಪಾತ್ರೆ ಕಲಕುತ್ತಾ. “ಕ್ಯಾಪ್ಟನ್ ಕೆರ್ಲೊದು. ಮರೆತು ಹೋಗಿದಾಳೆ ಅಂದ್ಕೊಂಡೆ. ಮುಟ್ಟೋಕೂ ಹೇಸಿಗೆಯಾಗಿ ಬೀರುವಿನೊಳಗೆ ಎಸೆದಿದ್ದೆ. ಇವತ್ತು ರೈಲಲ್ಲಿ ಓದಿದೆ.”

ಅವನು ಕುರ್ಚಿಯನ್ನು ಮೇಜಿನತ್ತ ಎಳೆದುಕೊಂಡ.

“ಅಪ್ಪ, ಅದರಲ್ಲಿ ಗಂಡಸರೆಲ್ಲ ಮೊದಲು ಕೈ ತೊಳ್ಕೋತಾರೆ.”

“ಆಂ?”

“ಕುದುರೆ ಮೇಲಿಂದ ಇಳಿದ ಸಿಪಾಯಿ ತೊಳ್ಕೋತಾನೆ. ಜಡ್ಜ್ ಸಾಹೇಬ್ರು ತೊಳ್ಕೋತಾರೆ. ಕಿಟಕಿ ಹತ್ತಿ ಬರೋ ಕಳ್ಳನೂ, ಅಲ್ಲೇ ಇದ್ದ ಹೂಜಿ ನೀರಲ್ಲಿ ಉಗುರು ಸಂದಿ ಉಜ್ಜಿಕೊಂಡೇ ಅವಳನ್ನ ಮುಟ್ಟೋದು. ಅರ್ಧ ಪುಟ ಬರೀ ಸೋಪೇ ಇದೆ.” ಸೌಟು ಕೆಳಗಿಟ್ಟು ತಿರುಗಿದಳು. “ನೀನು ನಿನ್ನ ಜನ್ಮದಲ್ಲಿ ಒಂದು ದಿನ, ಯಾರೂ ಹೇಳದೆ ಕೈ ತೊಳೆದಿದ್ದುಂಟಾ?”

ಆನ್ಸೆಲ್ಮ್ ಬಾಯಿ ತೆರೆದ. ಕೊಟ್ಟ ಮಾತು ನೆನಪಾಗಿ ಮುಚ್ಚಿದ.

“ನೀನೇನೂ ಹೇಳಬೇಡ. ಅವಳೇ ಹೇಳಿದಾಳೆ. ನಾನು ಓದಿದ್ದು ತಡ.” ಅವಳು ಕೋಟಿನ ಗುಂಡಿ ಬಿಚ್ಚಿದಳು. “ರೈಲಲ್ಲಿ ಎದುರಿಗೆ ಒಬ್ಬ ಪಾದ್ರಿ ಕೂತಿದ್ರು. ನಾನು ನಗ್ತಿದೀನಿ, ಅಳ್ತಿದೀನಿ. ಏನು ಓದ್ತಿದ್ದೀಯಮ್ಮ ಅಂದ್ರು.”

“ಏನಂದೆ?”

“ನಮ್ಮಮ್ಮ ಬರೆದದ್ದು ಅಂದೆ.”

ಕೋಟನ್ನು ಕುರ್ಚಿಗೆ ಹಾಕಿದಳು. ರೈಲಿನ ಮಾತು ಇಬ್ಬರೂ ಎತ್ತಲಿಲ್ಲ. ಎರಡು ತಟ್ಟೆ ಇಟ್ಟು, ಬ್ರೆಡ್ಡು ಮುರಿದು, ಅವಳು ಅಮ್ಮನ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ ಅಂದಳು:

“ಅಪ್ಪ, ಕೈ!”

ಅವನು ಎದ್ದು ನಲ್ಲಿಯ ಬಳಿ ಹೋದ. ಒರ್ತಾನ್ಸ್ ಬಳಸಿ ಸವೆದ ಸೋಪಿನ ಬಿಲ್ಲೆ ಅಲ್ಲೇ ಇತ್ತು. ನೀರು ಮೊದಲು ಕಪ್ಪಾಗಿ ಹರಿಯಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದ ಮಗಳು ಇಣುಕಿ ನೋಡಿ, ಇನ್ನೂ ಆಗಿಲ್ಲ ಎಂಬಂತೆ ತಲೆಯಾಡಿಸಿದಳು. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಆನ್ಸೆಲ್ಮ್ ಮತ್ತೆ ಸೋಪು ತೆಗೆದುಕೊಂಡು ಉಗುರಿನ ಸಂದಿಗಳನ್ನು ಒಂದೊಂದಾಗಿ ಉಜ್ಜತೊಡಗಿದ.