ಟಿವಿ ಗೇಮಿನ ತಕರಾರು

ನಾನು ಒಂದು ಟಿವಿ ಗೇಮ್. ಈಗಿನ ಮಕ್ಕಳಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಡಬ್ಬಿ, ನೆತ್ತಿಯ ಮೇಲೆ ಕ್ಯಾಸೆಟ್ ತೂರಿಸಲು ಒಂದು ಸೀಳು, ಮುಂದೆ ಎರಡು ವೈರು, ಅವುಗಳ ತುದಿಗೆ ಎರಡು ರಿಮೋಟು. ಟಿವಿಗೆ ಜೋಡಿಸಿದರೆ ಪರದೆಯ ಮೇಲೆ ಬೈಕು ಓಡಿಸುತ್ತೇನೆ, ಟ್ಯಾಂಕು ಸಿಡಿಸುತ್ತೇನೆ. ಮನುಷ್ಯರನ್ನು ಸ್ವಲ್ಪ ಹೊತ್ತು ನಗಿಸುವುದೇ ನನ್ನ ಕೆಲಸ. ಇಷ್ಟಕ್ಕೇ ನಾನು ತಿಂದ ಬೈಗುಳ ಊರ ಕಳ್ಳನೂ ತಿಂದಿರಲಾರ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ತಿರುಪು ಬಿಗಿದ ಕೈಗಳ ಬಿಸಿ ಆರುವ ಮೊದಲೇ ನನ್ನನ್ನು ಥರ್ಮೋಕೋಲಿನಲ್ಲಿ ಹುದುಗಿಸಿ ರಟ್ಟಿನ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆಯ ಮೇಲೆ ‘ಸಾವಿರ ಆಟಗಳು’ ಎಂದು ಅಚ್ಚಾಗಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟ. ಅವುಗಳ ಬಣ್ಣ ಬದಲಿಸಿ ಮತ್ತೆ ಮತ್ತೆ ತುಂಬಿದ್ದರು. ಸುಳ್ಳು ಬರೆದವರು ಯಾರೋ, ‘ಮೋಸದ ಮಾಲು’ ಎಂಬ ಹೆಸರು ಹೊತ್ತದ್ದು ನಾನು.

ನನ್ನನ್ನು ಕೊಂಡವರು ಹುಬ್ಬಳ್ಳಿಯ ರೈಲ್ವೆ ಕಾಲನಿಯ ವಿರೂಪಾಕ್ಷಪ್ಪ. ಕಚೇರಿಯಲ್ಲಿ ಗುಮಾಸ್ತರು. ಮಗ ಚನ್ನವೀರ ಹಟ ಹಿಡಿದನೆಂದು ತಂದರು. ಅವನ ತಂಗಿ ದಾಕ್ಷಾಯಣಿ ಏನೂ ಕೇಳಿರಲಿಲ್ಲ. ಕೇಳಿದ್ದರೂ ತರುತ್ತಿರಲಿಲ್ಲ.

ಟಿವಿ ಸ್ಟ್ಯಾಂಡಿನ ಕೆಳಗಿನ ಹಲಗೆ ನನ್ನ ಜಾಗವಾಯಿತು. ಅಲ್ಲಿಂದ ನನಗೆ ಮುಖಗಳಿಗಿಂತ ಮೊಣಕಾಲು, ಪಾದಗಳೇ ಹೆಚ್ಚು ಕಾಣುತ್ತಿದ್ದವು. ಚನ್ನವೀರನ ಪಾದಗಳು ಮೊದಮೊದಲು ಓಡಿ ಬಂದವು, ತಿಂಗಳೊಪ್ಪತ್ತಿನಲ್ಲಿ ಕ್ರಿಕೆಟ್ ಮೈದಾನದ ದಾರಿ ಹಿಡಿದವು. ನನ್ನ ಮುಂದೆ ಉಳಿದದ್ದು ದಾಕ್ಷಿ. ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಕೂರಿಸುವಳು. ಬೈಕ್ ರೇಸಿನಲ್ಲಿ ತಿರುವು ಬಂದರೆ ಅವಳ ಇಡೀ ಮೈ ಆ ಕಡೆಗೆ ವಾಲುವುದು. ಬಿದ್ದರೆ ತಾನೇ ನಕ್ಕು ಮತ್ತೆ ಶುರು ಮಾಡುವಳು. ಅಂಥ ಆಟಗಾರ್ತಿ ಸಿಕ್ಕದ್ದು ನನ್ನ ಪುಣ್ಯ.

ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚನ್ನವೀರ ಗಣಿತದಲ್ಲಿ ಫೇಲಾದ. ವಿರೂಪಾಕ್ಷಪ್ಪ ನನ್ನೆದುರು ಬಂದು ನಿಂತರು.

“ಹುಡುಗನ್ನ ಹಾಳ ಮಾಡಿದ್ದು ಇದು.”

ಅವರ ಹೆಂಡತಿ ನೀಲಾಂಬಿಕಾ ಅಡುಗೆಮನೆಯಿಂದಲೇ ಹೇಳಿದರು. “ಅವ ಎಲ್ಲಿ ಆಡ್ತಾನ್ರಿ? ಸಾಲಿ ಬಿಟ್ಟಿಂದ ಗ್ರೌಂಡಿನ್ಯಾಗ ಇರ್ತಾನ. ಆಡಾಕಿ ದಾಕ್ಷಿ.”

“ಹಂಗಾರ ಆಕಿನೂ ಆಡೂದು ಬ್ಯಾಡ. ಇದರಿಂದ ಏನ್ ಬರೂದೈತಿ?”

ಆ ದಾಕ್ಷಿ ಅದೇ ಪರೀಕ್ಷೆಯಲ್ಲಿ ತನ್ನ ತರಗತಿಗೇ ಮೊದಲಿಗಳಾಗಿದ್ದಳು. ಅದನ್ನು ಯಾರಾದರೂ ನನ್ನ ಲೆಕ್ಕಕ್ಕೆ ಹಾಕಿದರೇ? ಇಲ್ಲ. ಆಡದವನು ಫೇಲಾದರೆ ನನ್ನಿಂದ, ಆಡಿದವಳು ಪಾಸಾದರೆ ದೇವರಿಂದ. ಮರುವಾರ ಸಿಡಿಲು ಹೊಡೆದು ಟಿವಿ ಸುಟ್ಟುಹೋಯಿತು. ಅದೂ ನನ್ನ ತಲೆಗೇ ಬಂತು. ಸಿಡಿಲನ್ನು ಹಿಡಿದು ಬಯ್ಯಲು ಆಗುವುದಿಲ್ಲ ನೋಡಿ, ನಾನಾದರೆ ಕೈಗೆ ಸಿಗುತ್ತೇನೆ. ಹಳೆಯ ಚಾದರದಲ್ಲಿ ಸುತ್ತಿ ನನ್ನನ್ನು ಅಟ್ಟದ ಮೇಲಿನ ಟ್ರಂಕಿಗೆ ಹಾಕಿದರು. ಪಕ್ಕದಲ್ಲಿ ತೂತು ಬಿದ್ದ ಕೊಡ, ಮುರಿದ ಛತ್ರಿ. ಅವು ಕೆಟ್ಟು ಬಂದಿದ್ದವು. ನಾನು ಕೆಡದೆಯೇ ಬಂದಿದ್ದೆ.

ವರ್ಷಗಳು ಕಳೆದವು. ಒಂದು ದಿನ ಟ್ರಂಕು ತೆರೆಯಿತು. ದಾಕ್ಷಿ ಬೆಳೆದು ಕಾಲೇಜು ಹುಡುಗಿಯಾಗಿದ್ದಳು. ನನ್ನ ಧೂಳು ಒರೆಸಿ, ಚೀಲದಲ್ಲಿ ಹಾಕಿಕೊಂಡು ಕೇಶ್ವಾಪುರದಲ್ಲಿದ್ದ ಸೋದರಮಾವನ ಮನೆಗೆ ಒಯ್ದಳು.

ಸೋದರಮಾವ ಮಹಾರುದ್ರಪ್ಪ ದರ್ಜಿ. ಸ್ಕೂಟರಿನಿಂದ ಬಿದ್ದು ಬಲಗೈ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳುಗಳು ಕಟ್ಟಿಗೆಯಂತಾಗಿ ಕತ್ತರಿ ಹಿಡಿಯಲು ಬರುತ್ತಿರಲಿಲ್ಲ. ವೈದ್ಯರು ರಬ್ಬರ್ ಚೆಂಡು ಕೊಟ್ಟು, ದಿನಾ ಹಿಚುಕಿ ಎಂದಿದ್ದರು. ಅವರು ಅದನ್ನು ಕಿಟಕಿಯಲ್ಲಿಟ್ಟು, ನೋವಾಗುತ್ತದೆಂದು ಮುಟ್ಟುವುದನ್ನೇ ಬಿಟ್ಟಿದ್ದರು. ಅಂಗಡಿಗೆ ಬೀಗ ಬಿದ್ದಿತ್ತು. ಇನ್ನು ಹೊಲಿಗೆ ತನ್ನ ಕೈಯಲ್ಲಾಗದು ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು.

“ಮಾಮಾ, ಇದೊಂದ್ಸಲ ಹಿಡೀರಿ” ಎಂದು ದಾಕ್ಷಿ ರಿಮೋಟು ಕೊಟ್ಟಳು.

“ಹುಡುಗರದು ನನಗ್ಯಾಕ ಬೇ?”

“ನನ್ನ ಬೈಕ್ ಹಿಂದ ಹಾಕಿ ತೋರಸ್ರಿ ನೋಡೂಣು.”

ಮಹಾರುದ್ರಪ್ಪ ಮೊದಲ ದಿನ ಗುಂಡಿ ಒತ್ತಲಾರದೆ ಪರದೆಯ ಬೈಕನ್ನು ಎಲ್ಲ ತಿರುವಿನಲ್ಲೂ ಬೀಳಿಸಿದರು. ಮರುದಿನ ದಾಕ್ಷಿ ಬರುವ ಮೊದಲೇ ಟಿವಿ ಮುಂದೆ ಕೂತಿದ್ದರು. ಅವರ ಹೆಬ್ಬೆರಳು ನನ್ನ ಗುಂಡಿಯ ಮೇಲೆ ನಡುಗುವುದು ನನಗೆ ತಿಳಿಯುತ್ತಿತ್ತು. ನೋವಿದ್ದರೂ ಅವರು ತೆಗೆಯುತ್ತಿರಲಿಲ್ಲ. ಸೋದರ ಸೊಸೆಯನ್ನು ಹಿಂದೆ ಹಾಕಿದ ದಿನ ಅವರು ಎಷ್ಟು ನಕ್ಕರೆಂದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೈಯಲ್ಲಿ ಕತ್ತರಿ ನಿಂತಿತು. ಅಂಗಡಿ ತೆರೆಯಿತು.

ಆಗ ನೋಡಬೇಕಿತ್ತು ನನ್ನ ಮರ್ಯಾದೆಯನ್ನು. ಬಂದುಹೋದವರಿಗೆಲ್ಲ ವಿರೂಪಾಕ್ಷಪ್ಪನವರೇ ಹೇಳುತ್ತಿದ್ದರು. “ಅದು ಆಟ ಅಲ್ರಿ, ಟ್ರೀಟ್‌ಮೆಂಟ್.” ನನಗೆ ಖುಷಿಯಾಗಲಿಲ್ಲ, ಮೈ ಉರಿಯಿತು. ನಾನು ಮಾತ್ರೆಯೇ, ಮುಲಾಮೇ? ಮಹಾರುದ್ರಪ್ಪ ಗೆಲ್ಲಬೇಕೆಂದು ಆಡಿದರು, ನಗಬೇಕೆಂದು ಆಡಿದರು. ಬೆರಳು ತಮ್ಮಷ್ಟಕ್ಕೆ ಸಡಿಲಾದವು. ನಗುವಿಗೆ ಬೆಲೆಯಿಲ್ಲ, ಬೆರಳಿಗೆ ಮಾತ್ರ ಬೆಲೆ ಎಂದರೆ ಅದು ನನಗೆ ಮಾಡಿದ ಅವಮಾನವಲ್ಲವೇ?

ಆ ಮರ್ಯಾದೆಯೂ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಮಾವ, ಸೊಸೆ ಆಡುತ್ತಿದ್ದಾಗ ವಿರೂಪಾಕ್ಷಪ್ಪ ಬಂದರು. ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಒಳಗೆ ಬಂದವರ ಪಾದಗಳು ನನ್ನ ಮುಂದೆ ನಿಂತವು.

“ಕೈ ನೆಟ್ಟಗಾತಲ್ಲ? ಮತ್ಯಾಕ ಇದು? ಇಷ್ಟ್ ದೊಡ್ಡಾಕಿ ಆಗಿ, ನಾಚಿಕಿ ಬರೂದಿಲ್ಲೇನ್ ನಿನಗ?”

ಬಗ್ಗಿ ನನ್ನ ವೈರಿಗೆ ಕೈ ಹಾಕಿದರು. ಮಹಾರುದ್ರಪ್ಪ ರಿಮೋಟು ಬಿಡಲಿಲ್ಲ, ಆದರೆ ಅಕ್ಕನ ಗಂಡನಿಗೆ ಎದುರಾಡಲೂ ಇಲ್ಲ. ದಾಕ್ಷಿ ಎದ್ದು ನಿಂತಳು.

“ಅಪ್ಪಾ, ನೀವು ಈಗ ಎಲ್ಲಿಂದ ಬಂದ್ರಿ?”

“ಉಣಕಲ್ ಕೆರಿ ಕಡಿಂದ. ಯಾಕ?”

“ಅಲ್ಲಿ ಏನ್ ಕೆಲಸಿತ್ತು?”

“ಕೆಲಸೇನು? ದಿನಾ ಹೋಗ್ತೀನಲ್ಲ ಸೈಕಲ್ ಮ್ಯಾಲ. ಸುಮ್ಮನ.”

ಹೇಳಿದ ಮೇಲೆ ಅವರ ಕೈ ವೈರಿನ ಮೇಲೆಯೇ ನಿಂತಿತು.

“ನಿಮಗ ಸಕ್ರಿ ಕಾಯಿಲೆ ಇಲ್ಲ, ಬಿಪಿ ಇಲ್ಲ. ಡಾಕ್ಟರ್ ಹೇಳಿಲ್ಲ. ಕೆರಿ ದಂಡಿ ಮ್ಯಾಲಿನ ಗಾಳಿ ನಿಮಗ ಸೇರ್ತೈತಿ, ಹೋಗ್ತೀರಿ. ಅವ್ವ ಒಂದಿನಾನೂ ಯಾಕ ಅಂತ ಕೇಳಿಲ್ಲ” ಎಂದಳು ದಾಕ್ಷಿ. “ನಮಗ ಇದು ಸೇರ್ತೈತಿ.”

ಪರದೆಯ ಮೇಲೆ ನನ್ನ ಎರಡೂ ಬೈಕುಗಳು ರಸ್ತೆ ಬಿಟ್ಟು ಹುಲ್ಲಿನಲ್ಲಿ ನಿಂತಿದ್ದವು. ವಿರೂಪಾಕ್ಷಪ್ಪ ವೈರು ಬಿಟ್ಟು ಎದ್ದರು. ತಪ್ಪಾಯಿತು ಎನ್ನಲಿಲ್ಲ, ಆಡಿರಿ ಎಂದೂ ಅನ್ನಲಿಲ್ಲ. ಚಹಾ ಕುಡಿಯದೆ ಸೈಕಲ್ ಹತ್ತಿ ಹೋದರು. ಆದರೆ ಆಮೇಲೆ ಆ ಮಾತು ಮತ್ತೆ ಎತ್ತಲಿಲ್ಲ.

ದಾಕ್ಷಿಗೆ ಗದಗಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಮಹಾರುದ್ರಪ್ಪ ಉಳಿದ ಮಖಮಲ್ಲಿನ ತುಂಡುಗಳನ್ನು ಕೂಡಿಸಿ ನನಗೊಂದು ಗವಸು ಹೊಲಿದು, ಅವಳ ಸಾಮಾನಿನ ಜೊತೆ ಕಳಿಸಿಕೊಟ್ಟರು. ಗವಸಿನ ಹೊಲಿಗೆ ಒಂದೆಡೆಯೂ ಸೊಟ್ಟಗಿರಲಿಲ್ಲ.

ಈಗ ನನಗೆ ಮುಪ್ಪು. ಬೂದು ಬಣ್ಣ ಹಳದಿಗೆ ತಿರುಗಿದೆ. ದನಿ ಪೂರ್ತಿ ಹೋಗಿದೆ. ರಿಪೇರಿಯವನು ಬಿಡಿಭಾಗ ಸಿಗುವುದಿಲ್ಲವೆಂದು ಕೈಚೆಲ್ಲಿದ. ನನಗಾಗಿಯೇ ದಾಕ್ಷಿ ಹಳೆಯ ಡಬ್ಬಾ ಟಿವಿಯನ್ನು ಕೋಣೆಯ ಮೂಲೆಯಲ್ಲಿ ಉಳಿಸಿಕೊಂಡಿದ್ದಾಳೆ. ಭಾನುವಾರ ಮಧ್ಯಾಹ್ನ ಅವಳು ನೆಲದ ಮೇಲೆ ಚಾಪೆ ಹಾಸಿ ಕೂರುತ್ತಾಳೆ. ತಲೆಯಲ್ಲಿ ಬಿಳಿ ಕೂದಲು, ಮೂಗಿನ ಮೇಲೆ ಕನ್ನಡಕ. ಕನ್ನಡಕ ವಯಸ್ಸಿನಿಂದ ಬಂದದ್ದು, ನನ್ನಿಂದಲ್ಲ. ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಅದನ್ನೂ ನನ್ನ ಮೇಲೆ ಹಾಕಿಯಾರು.

ಮೊನ್ನೆ ಅವಳ ಶಾಲೆಯ ಕನ್ನಡ ಟೀಚರ್ ರತ್ನಮಾಲಾ ಮನೆಗೆ ಬಂದರು. ನನ್ನನ್ನು ನೋಡಿ ಕೇಳಿದರು.

“ಹುಡುಗರದೇನ್ರಿ?”

“ಅಲ್ರಿ, ನಂದು.”

“ಹೌದಾ? ಇಂಥಾವು ಆಡಿದ್ರ ತಲಿ ಚುರುಕಾಗ್ತೈತಂತ ಪೇಪರಿನ್ಯಾಗ ಬಂದಿತ್ತು. ಅದಕ್ಕ ಆಡ್ತೀರೇನ್ರಿ?”

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಈ ಜನಕ್ಕೆ ಒಂದು ನೆಪ ಬೇಕೇ ಬೇಕು. ನೆಪವಿಲ್ಲದ ಸಂತೋಷವನ್ನು ಕಂಡರೆ ಇವರಿಗೆ ಏಕಿಷ್ಟು ಭಯ?

ದಾಕ್ಷಿ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಕೂರಿಸಿದಳು.

“ತಲಿದು ಗೊತ್ತಿಲ್ರಿ” ಎಂದಳು. “ನನಗ ಮಜಾ ಬರ್ತೈತಿ.”

ನನ್ನ ಗುಂಡಿ ಒತ್ತಿದಳು. ಪರದೆಯ ಮೇಲೆ ಬೈಕು ಹೊರಟಿತು. ನನಗೆ ದನಿಯಿಲ್ಲವಲ್ಲ, ಹೈಸ್ಕೂಲಿನ ಗಣಿತದ ಮೇಡಂ ತುಟಿ ಮುಂದೆ ಮಾಡಿ, ಬಂದವರ ಎದುರಿಗೇ, ಬುರ್ರ್ ಎಂದು ತಾನೇ ಸದ್ದು ಮಾಡತೊಡಗಿದಳು.